ಅವ್ವ ಹೆಂಗ ತೀರಿಕೊಂಡ್ರು?

ಗಂಗಾವತಿ ಕಡೆಯ ಒಂದು ಉಪಕೇಂದ್ರದಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. ಊರವರ ಬಾಯಲ್ಲಿ ಸಿಸ್ಟರ್.

ಅವತ್ತು ಕ್ಯಾಂಪಿನಲ್ಲಿ ಶುಗರ್ ಸ್ಟ್ರಿಪ್ ಕಡಿಮೆ ಇದ್ದವು. 30 ದಾಟಿದ ಎಲ್ಲರನ್ನೂ ನೋಡಬೇಕು ಅನ್ನೋದು ನಿಯಮ. ಆದರೆ ಸಿಬ್ಯಾಕ್ ಫಾರಂನಲ್ಲಿ, ಅಂದರೆ ಶುಗರ್, ಬಿಪಿ ಥರದ ಕಾಯಿಲೆಯ ಅಪಾಯ ಎಷ್ಟು ಅಂತ ಪ್ರಶ್ನೆ ಕೇಳಿ ಅಂಕ ಹಾಕೋ ಹಾಳೆಯಲ್ಲಿ, ಅಂಕ 4 ದಾಟಿದವರು ಮೊದಲು. ಅಪ್ಪ, ಮಗ ಒಟ್ಟಿಗೇ ಬಂದರು. ಅಪ್ಪನಿಗೆ 71. ವಯಸ್ಸಿಗೇ 4, ದಿನಾ ಸೇದೋ ಬೀಡಿಗೆ 2. ಮಗನಿಗೆ 34. ವಯಸ್ಸಿಗೆ 1, ಅಡತಿ ಅಂಗಡಿಯಲ್ಲಿ ದಿನವಿಡೀ ಕೂತಿರೋದಕ್ಕೆ 1. ಕೈಕಾಲು ಸಣಕಲು ಇದ್ದವು ಅಂತ ಸೊಂಟಕ್ಕೆ ಟೇಪ್ ಹಿಡಿಯದೆ ಕಣ್ಣಳತೆಯಲ್ಲೇ ಸೊನ್ನೆ ಬರೆದೆ.

“ಮನ್ಯಾಗ ಯಾರಿಗರ ಶುಗರ್, ಬಿಪಿ ಐತೇನ್ರಿ?”

“ಯಾರಿಗೂ ಇಲ್ರಿ ಸಿಸ್ಟರ್.”

ಒಟ್ಟು 2. ಮುಂದಿನ ಸಲ ನೋಡೋಣ ಅಂತ ಕಳಿಸಿದೆ. ಅಪ್ಪನ ಶುಗರ್ 112 ಬಂತು, ಬಿಪಿ ಮಾತ್ರ 170/100. ಜನ್ಮದಲ್ಲಿ ಮೊದಲ ಸಲ ನೋಡಿಸಿಕೊಂಡದ್ದಂತೆ. ಮಗನ ಉತ್ತರ ತಪ್ಪಿರಬಹುದು ಅಂತ ಆಗಲೇ ನನಗೆ ಹೊಳೆಯಬೇಕಿತ್ತು.

ಐದು ತಿಂಗಳಿಗೆ ಮಗ ಬಂದ. ಬಾಯಾರಿಕೆ, ರಾತ್ರಿ ನಾಲ್ಕೈದು ಸಲ ಏಳೋದು, ಪ್ಯಾಂಟ್ ಸಡಿಲ ಆಗಿತ್ತು. ಶುಗರ್ 312. ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರೆದು, ಟೇಪ್ ಹಿಡಿದೆ. ಇಳಿದ ಮೇಲೂ ಸೊಂಟ 94 ಸೆಂ.ಮೀ. ನಮ್ಮ ಗಂಡಸರಿಗೆ 90ರೊಳಗಿರಬೇಕು. ಕೈಕಾಲು ತೆಳ್ಳಗಿದ್ದೂ ಹೊಟ್ಟೆಯೊಳಗೆ ಕೊಬ್ಬು ಕೂರೋ ಮೈ ನಮ್ಮಲ್ಲಿ ಬಹಳ.

“ನಿಮ್ಮ ಅವ್ವ ಹೆಂಗ ತೀರಿಕೊಂಡ್ರು?”

“ಕಾಲಿಗೆ ಮುಳ್ಳು ಚುಚ್ಚಿತ್ರಿ. ಮಾಯಲೇ ಇಲ್ಲ. ಕಪ್ಪಾಗಿ ಕೊಳೀತು. ಆರು ತಿಂಗಳಿಗೆ ಹೋಗಿಬಿಟ್ಲು.”

ಮಾಯದ ಗಾಯದ ಹಿಂದೆ ಶುಗರ್ ಇರಬಹುದು, ಆದರೆ ಆ ಹೆಣ್ಮಗಳ ಶುಗರ್ ಯಾರೂ ನೋಡಿರಲಿಲ್ಲ. ಅದಕ್ಕೇ ಮಗನ ಲೆಕ್ಕದಲ್ಲಿ ‘ಯಾರಿಗೂ ಇಲ್ಲ’. ಸೊಂಟಕ್ಕೆ 1, ಮನೆತನದ ಕಾಯಿಲೆಗೆ 2 ಸೇರಿದ್ದರೆ ಅವತ್ತೇ 5 ಆಗುತ್ತಿತ್ತು.

‘ಹಿಂದಿನವರು ಜೋಳದ ರೊಟ್ಟಿ ತಿಂದು ಗಟ್ಟಿ ಇದ್ರು’ ಅನ್ನೋ ಮಾತು ಇಲ್ಲಿ ದಿನಾ ಕೇಳ್ತೀನಿ. ನಾನೂ ಹೇಳಿದ್ದೇನೆ, ಸುಳ್ಳೇನಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಹಿಂದೆ ಭತ್ತ ಬಂತು, ತಾಟಿನಲ್ಲಿ ಜೋಳ, ಸಜ್ಜೆ ಕಡಿಮೆಯಾಗಿ ಬಿಳಿ ಅನ್ನ ಹೆಚ್ಚಾಯಿತು. ಕೊಯ್ಲಿಗೆ ಮಷೀನು, ಹೊಲಕ್ಕೆ ಬೈಕು ಬರೋ ಹೊತ್ತಿಗೆ ಅಪ್ಪ ಅರ್ಧ ಆಯುಷ್ಯ ಮೈಮುರಿದು ದುಡಿದಾಗಿತ್ತು. ಮಗನಿಗೆ ಆ ದುಡಿಮೆ ಸಿಗಲೇ ಇಲ್ಲ, ಅನ್ನ ಮಾತ್ರ ಸಿಕ್ಕಿತು.

ಆದರೆ ನನ್ನ ಮುಂದೆ ಗಟ್ಟಿಯಾಗಿ ಕೂರೋ ಮುದುಕರು ಉಳಿದುಕೊಂಡವರು. ಮುಳ್ಳು ಚುಚ್ಚಿ ಹೋದವರು ಕ್ಯಾಂಪಿಗೆ ಬರೋದಿಲ್ಲ. ಈ ಅಪ್ಪನಿಗೆ 34 ಇದ್ದಾಗ ಶುಗರ್ ಎಷ್ಟಿತ್ತು ಅನ್ನೋದೂ ಯಾರಿಗೂ ಗೊತ್ತಿಲ್ಲ. ಹಾಗಿದ್ದ ಮೇಲೆ ಇವತ್ತಿನ 112ನ್ನೂ 312ನ್ನೂ ಪಕ್ಕಪಕ್ಕ ಇಟ್ಟು ಎರಡು ತಲೆಮಾರಿನ ತೂಕ ಹಾಕೋದು ಹೇಗೆ? ವಯಸ್ಸಾದಂತೆ ಶುಗರ್, ಬಿಪಿ ಏರೋದು ಒಂದು, ಹುಟ್ಟಿದ ಕಾಲ ಮೈಗೆ ಮಾಡೋದು ಇನ್ನೊಂದು. ಫಾರಂ ಅಂಕ ಕೊಡೋದು ಮೊದಲನೆಯದಕ್ಕೆ.

ಈಗ ಟೇಪ್ ನನ್ನ ಕೊರಳಲ್ಲೇ ಇರುತ್ತದೆ. ಅಪ್ಪ, ಅವ್ವ ತೀರಿಕೊಂಡಿದ್ದರೆ ಹೆಂಗ ಅಂತ ಕೇಳ್ತೀನಿ. ಕೆಲವರಿಗೆ ಬೇಜಾರಾಗುತ್ತದೆ, ಆಗಲಿ.

ಹೋದ ವಾರ ಆ ಮಗನ ಹೆಂಡತಿ ಮಗುವಿಗೆ ಚುಚ್ಚುಮದ್ದು ಹಾಕಿಸೋಕೆ ಬಂದಿದ್ದಳು. 28 ವರ್ಷ, ಫಾರಂನಲ್ಲಿ ವಯಸ್ಸಿಗೆ ಸೊನ್ನೆ. ಬಸುರಿಯಲ್ಲಿ ಶುಗರ್ ಏರಿತ್ತಂತೆ, ಹೆರಿಗೆ ಆದ ಮೇಲೆ ನೋಡಿಸಿಯೇ ಇಲ್ಲ. ಸೋಮವಾರ ಖಾಲಿ ಹೊಟ್ಟೆಯಲ್ಲಿ ಬಾರವ್ವ ಅಂದಿದ್ದೀನಿ.