ವಿದ್ಯಾರ್ಥಿಗಳ ವಿಎಂಗೆ ಜಿಪಿಯು ಕೊಟ್ಟ ದಿನ

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ವಿಎಂಗಳನ್ನು, ಅಂದರೆ ಒಂದೇ ಮೆಷಿನ್‌ನೊಳಗೆ ಸಾಫ್ಟ್‌ವೇರ್ ಕಟ್ಟಿಕೊಡುವ ಬೇರೆ ಬೇರೆ ಕಂಪ್ಯೂಟರ್‌ಗಳನ್ನು, ಓಡಿಸುವ ಪ್ರಾಕ್ಸ್‌ಮಾಕ್ಸ್ ಹಾಕಿರುವ ದೊಡ್ಡ ಮೆಷಿನ್ ಇರುವುದು ಒಂದೇ. ಸರ್ವರ್ ಅಂತ ಕರೆಯುತ್ತೇವೆ, ಒಳಗಿರುವುದು ಡೆಸ್ಕ್‌ಟಾಪ್ ಮದರ್‌ಬೋರ್ಡ್. ಇಂಟರ್ನಲ್ ಅಂಕಗಳ ಡೇಟಾಬೇಸ್ ಇರುವ ವಿಎಂ ಅದರ ಮೇಲೇ ಓಡುತ್ತದೆ, ವಿದ್ಯಾರ್ಥಿಗಳ ಪ್ರಾಜೆಕ್ಟ್ ವಿಎಂಗಳೂ ಅದರ ಮೇಲೇ. ಕಳೆದ ವರ್ಷ ಫೈನಲ್ ಇಯರ್ ತಂಡವೊಂದು ಅಡಿಕೆಯ ಎಲೆಚುಕ್ಕೆ ರೋಗವನ್ನು ಫೋಟೋದಿಂದ ಗುರುತಿಸುವ ಪ್ರಾಜೆಕ್ಟ್ ತೆಗೆದುಕೊಂಡಿತು. ತಂಡದ ಇಬ್ಬರು ತೀರ್ಥಹಳ್ಳಿ ಕಡೆಯವರು, ಮನೆಯ ತೋಟದಲ್ಲೇ ಆ ರೋಗ ಕಂಡವರು. ಮಾಡೆಲ್ ಟ್ರೇನ್ ಮಾಡಲು ಜಿಪಿಯು, ಅಂದರೆ ದೊಡ್ಡ ಲೆಕ್ಕಗಳನ್ನು ಬೇಗ ಮಾಡುವ ಗ್ರಾಫಿಕ್ಸ್ ಕಾರ್ಡ್, ಬೇಕಿತ್ತು. ಕಾರ್ಡ್ ಬಂತು, ಖಾಲಿ ಇದ್ದ ಸ್ಲಾಟ್‌ಗೆ ಹಾಕಿದೆವು. ಇನ್ನು ಅದನ್ನು ಅವರ ವಿಎಂಗೆ ಜೋಡಿಸುವುದಷ್ಟೇ ಬಾಕಿ.

ಅವರ ವಿಎಂ ಮೇಲೆ ಅವರಿಗೇ ಪೂರ್ತಿ ಅಧಿಕಾರ ಕೊಟ್ಟಿದ್ದೆ. ಆದರೂ ಪಿಸಿಐ ಕಾರ್ಡ್ (ಮದರ್‌ಬೋರ್ಡಿನ ಸ್ಲಾಟ್‌ಗೆ ಹಾಕುವಂಥದ್ದು) ಸೇರಿಸಲು ಹೋದರೆ ರೂಟ್‌ಗೆ, ಅಂದರೆ ಇಡೀ ಮೆಷಿನ್ ಮೇಲೆ ಅಧಿಕಾರ ಇರುವ ಖಾತೆಗೆ, ಮಾತ್ರ ಸಾಧ್ಯ ಎಂದು ಪ್ರಾಕ್ಸ್‌ಮಾಕ್ಸ್ ತಡೆಯಿತು. "ಮೇಡಂ, ರೂಟ್ ಪಾಸ್‌ವರ್ಡ್ ಹಾಕ್ಕೊಡಿ, ಒಂದ್ ನಿಮಿಷದ ಕೆಲಸ" ಅಂದರು. ಕೊಡಲಿಲ್ಲ. ಆ ವಿಎಂನೊಳಗೆ ಎಲ್ಲೆಲ್ಲಿಂದಲೋ ತಂದ ಕೋಡ್ ಓಡುತ್ತದೆ. ಓಡಲೇಬೇಕು, ಪ್ರಾಜೆಕ್ಟ್ ನಡೆಯುವುದೇ ಹಾಗೆ. ಆದರೆ ಯಾವ ಕಾರ್ಡನ್ನಾದರೂ ಜೋಡಿಸಿಕೊಳ್ಳುವ ಅಧಿಕಾರ ಇದ್ದರೆ ಹೋಸ್ಟಿನ, ಅಂದರೆ ಎಲ್ಲ ವಿಎಂಗಳನ್ನೂ ಓಡಿಸುವ ಮೆಷಿನ್‌ನ, ಡಿಸ್ಕ್ ಕಂಟ್ರೋಲರನ್ನೇ ಎಳೆದುಕೊಳ್ಳಬಹುದು. ಆಮೇಲೆ ಅಂಕಗಳ ಡೇಟಾಬೇಸಿಗೆ ಎಂಥ ಪಾಸ್‌ವರ್ಡ್ ಇದ್ದರೇನು? 2023ರಲ್ಲಿ ಬಂದ ಪ್ರಾಕ್ಸ್‌ಮಾಕ್ಸ್ 8ರಲ್ಲಿ ಇದಕ್ಕೆ ಒಳ್ಳೆಯ ದಾರಿ ಇದೆ. ಅಡ್ಮಿನ್ ಒಂದು ಕಾರ್ಡಿಗೆ ಹೆಸರಿಟ್ಟು ಮ್ಯಾಪಿಂಗ್ ಮಾಡಿಡಬಹುದು. ಆ ಹೆಸರನ್ನು ಬಳಸುವ ಅನುಮತಿಯನ್ನಷ್ಟೇ ಬೇರೆಯವರಿಗೆ ಕೊಡಬಹುದು. ಹಾಗೆ ಮಾಡಿದೆ.

ಈಗ ವಿಎಂ ಸ್ಟಾರ್ಟ್ ಆಗಲಿಲ್ಲ. ಗುಂಪಿನಲ್ಲಿರುವ ಎಲ್ಲ ಸಾಧನಗಳನ್ನೂ ವಿಎಫ್‌ಐಒಗೆ ಬಿಟ್ಟುಕೊಡಬೇಕು ಎನ್ನುವ ಎರರ್ ಬಂತು. ಹಾರ್ಡ್‌ವೇರನ್ನು ವಿಎಂ ಕೈಗೆ ಕೊಡುವ ಲಿನಕ್ಸ್ ಕರ್ನೆಲ್‌ನ ಭಾಗವೇ ವಿಎಫ್‌ಐಒ.

ಇದನ್ನು ಅವತ್ತು ವೈಟ್‌ಬೋರ್ಡ್ ಮೇಲೆ ಬಿಡಿಸಿಯೇ ಹೇಳಿದೆ. ಜಿಪಿಯುನಂಥ ಕಾರ್ಡ್ ಮೆಮೊರಿಯನ್ನು ತಾನೇ ಓದುತ್ತದೆ, ತಾನೇ ಬರೆಯುತ್ತದೆ, ಪ್ರೊಸೆಸರನ್ನು ಕೇಳುವುದಿಲ್ಲ. ಇದಕ್ಕೆ ಡಿಎಂಎ ಅನ್ನುತ್ತಾರೆ. ಕಾರ್ಡ್ ವಿಎಂ ಕೈಗೆ ಹೋದ ಮೇಲೆ ಅದಕ್ಕೆ ಎಲ್ಲಿ ಓದಬೇಕು, ಎಲ್ಲಿ ಬರೆಯಬೇಕು ಎಂದು ಹೇಳುವುದು ವಿಎಂನೊಳಗಿನ ಕೋಡ್. ತಡೆ ಇಲ್ಲದಿದ್ದರೆ ಹೋಸ್ಟಿನ ಮೆಮೊರಿಯೆಲ್ಲ ಅದಕ್ಕೆ ತೆರೆದಿರುತ್ತದೆ. ಆ ತಡೆಯೇ ಐಒಎಂಎಂಯು. ಇಂಟೆಲ್‌ನವರು ಅದನ್ನು ವಿಟಿ-ಡಿ ಎನ್ನುತ್ತಾರೆ. ಆದರೆ ಪ್ರೊಸೆಸರ್‌ಗೂ ಉಳಿದ ಸಾಧನಗಳಿಗೂ ನಡುವಿನ ಒಂದೇ ಚಿಪ್‌ಸೆಟ್ ಕೆಳಗಿರುವ ಎರಡು ಸಾಧನಗಳು ಐಒಎಂಎಂಯುವರೆಗೆ ಹೋಗದೆ ಕೆಳಗಿಂದ ಕೆಳಗೇ ಡೇಟಾ ಕಳಿಸಿಕೊಳ್ಳಬಹುದು. ಹಾಗೆ ಆಗದಂತೆ ತಡೆಯುವ ಸೌಲಭ್ಯ ಎಸಿಎಸ್. ಅದು ಇದೆ ಎಂದು ಹಾರ್ಡ್‌ವೇರ್ ಹೇಳದಿದ್ದರೆ ಲಿನಕ್ಸ್ ಕರ್ನೆಲ್ ಅಂಥ ಸಾಧನಗಳನ್ನೆಲ್ಲ ಒಂದೇ ಗುಂಪಿಗೆ ಹಾಕುತ್ತದೆ. 2012ರಲ್ಲಿ ಕರ್ನೆಲ್‌ಗೆ ಸೇರಿದ ವಿಎಫ್‌ಐಒ ಕೊಡುವುದಾದರೆ ಇಡೀ ಗುಂಪನ್ನು ಕೊಡುತ್ತದೆ, ಇಲ್ಲದಿದ್ದರೆ ಇಲ್ಲ.

ನಮ್ಮ ಗುಂಪಿನಲ್ಲಿ ಯಾರ‍್ಯಾರಿದ್ದಾರೆ ನೋಡಿದೆವು. ಜಿಪಿಯು, ಅದರ ಆಡಿಯೋ, ಹೋಸ್ಟಿನ ನೆಟ್‌ವರ್ಕ್ ಕಾರ್ಡ್, ಜೊತೆಗೆ ಸಾಟಾ ಕಂಟ್ರೋಲರ್. ಅಂಕಗಳ ಡಿಸ್ಕ್ ಇರುವುದು ಆ ಕಂಟ್ರೋಲರ್ ಮೇಲೇ.

ತಂಡದ ಹುಡುಗನೊಬ್ಬ ಫೋನಿನಲ್ಲಿ ವಿಡಿಯೋ ತೆಗೆದು ತೋರಿಸಿದ. "ಎಸಿಎಸ್ ಓವರ್‌ರೈಡ್ ಅಂತಿದೆ ಮೇಡಂ. ಬೂಟ್ ಲೈನ್‌ಗೆ ಸೇರಿಸಿದ್ರೆ ಗುಂಪು ಒಡೆಯುತ್ತೆ. ನಮ್ಮನೆ ಪಿಸೀಲಿ ಮಾಡಿದೀನಿ." ಅವನು ಹೇಳಿದ್ದು ನಿಜ, ಹಾಗೆ ಮಾಡಿದ್ದರೆ ವಿಎಂ ಓಡುತ್ತಿತ್ತು. ಪ್ರಾಕ್ಸ್‌ಮಾಕ್ಸ್ ಕರ್ನೆಲ್‌ನಲ್ಲಿ ಆ ಪ್ಯಾಚ್ ಮೊದಲೇ ಸೇರಿದೆ. ಅದನ್ನು 2013ರಲ್ಲಿ ಬರೆದವರು ವಿಎಫ್‌ಐಒ ಕಟ್ಟಿದ ಅಲೆಕ್ಸ್ ವಿಲಿಯಮ್ಸನ್ ಅವರೇ. ಆದರೂ ಮೂಲ ಲಿನಕ್ಸ್ ಕರ್ನೆಲ್ ಅದನ್ನು ಒಳಗೆ ಸೇರಿಸಿಕೊಂಡಿಲ್ಲ. ಯಾಕೆಂದರೆ ಅದು ಹಾರ್ಡ್‌ವೇರಿನಲ್ಲಿ ಏನನ್ನೂ ಬದಲಿಸುವುದಿಲ್ಲ. ಸಾಧನಗಳು ಬೇರೆ ಬೇರೆ ಇವೆ ಎಂದು ಕರ್ನೆಲ್ ನಂಬುವಂತೆ ಮಾಡುತ್ತದೆ, ಅಷ್ಟೇ. ಗೋಡೆ ಇಲ್ಲದ ಮನೆಯ ನಕ್ಷೆಯಲ್ಲಿ ಗೋಡೆಯ ಗೆರೆ ಎಳೆದ ಹಾಗೆ. ಮನೆ ಪಿಸಿಯಲ್ಲಿ ವಿಎಂ ಅವನದೇ, ಹೋಸ್ಟೂ ಅವನದೇ. ಅಲ್ಲಿ ಅದು ಅವನ ಇಷ್ಟ. ಇಲ್ಲಿ ಪಕ್ಕದಲ್ಲಿರುವುದು ಬೇರೆ ನೂರಾರು ಮಕ್ಕಳ ಅಂಕಗಳು.

ಅದೇ ವಿಡಿಯೋದಲ್ಲಿ ಇನ್ನೊಂದು ಸಾಲೂ ಇತ್ತು, ಅಸುರಕ್ಷಿತ ಇಂಟರಪ್ಟ್‌ಗಳಿಗೆ ಅವಕಾಶ ಕೊಡುವುದು. ಸಾಧನವೊಂದು ಪ್ರೊಸೆಸರ್‌ಗೆ ಕಳಿಸುವ ಕರೆಯೇ ಇಂಟರಪ್ಟ್. 2011ರಲ್ಲಿ ಭದ್ರತಾ ಸಂಶೋಧಕರಾದ ಜೊಆನ್ನಾ ರುಟ್ಕೋವ್ಸ್ಕಾ ಮತ್ತು ರಫಾಲ್ ವೊಯ್ಚುಕ್ ಒಂದು ದಾಳಿ ತೋರಿಸಿದ್ದರು. ವಿಟಿ-ಡಿ ಮೆಮೊರಿಯನ್ನು ಕಾಯುತ್ತಿದ್ದರೂ ವಿಎಂ ತನಗೆ ಕೊಟ್ಟ ಸಾಧನದಿಂದ ಬೇಕಾದ ಇಂಟರಪ್ಟ್ ಕಳಿಸಿ ವಿಎಂಗಳನ್ನು ನಡೆಸುವ ಹೈಪರ್‌ವೈಸರನ್ನೇ ಹಿಡಿಯಬಹುದಿತ್ತು. ಸಾಧನ ಕಳಿಸುವ ಇಂಟರಪ್ಟನ್ನು ಹಾರ್ಡ್‌ವೇರೇ ಪರೀಕ್ಷಿಸಿ ಬಿಡುವ ಇಂಟರಪ್ಟ್ ರೀಮ್ಯಾಪಿಂಗ್ ಇದ್ದರೆ ಅದು ನಡೆಯುವುದಿಲ್ಲ. ರೀಮ್ಯಾಪಿಂಗ್ ಇಲ್ಲದ ಮೆಷಿನ್‌ನಲ್ಲಿ ವಿಎಫ್‌ಐಒ ಕಾರ್ಡ್ ಕೊಡಲು ಒಪ್ಪದಿರುವುದು ಇದಕ್ಕೇ. ನಮ್ಮ ಮೆಷಿನ್‌ನಲ್ಲಿ ಅದು ಇದೆ, ಲಾಗ್‌ನಲ್ಲೇ ಕಾಣುತ್ತದೆ. ಅಂದ ಮೇಲೆ ಆ ಸಾಲು ನಮಗೆ ಬೇಕೇ ಇರಲಿಲ್ಲ. ಹಾಕಿದ್ದರೆ ಸುಮ್ನೆ ಕೂತಿರುತ್ತಿತ್ತು. ಮುಂದೊಂದು ದಿನ ಅದೇ ಡಿಸ್ಕನ್ನು ಹಳೆಯ ಮೆಷಿನ್‌ಗೆ ಹಾಕಿದರೆ ಯಾರಿಗೂ ಗೊತ್ತಾಗದೆ ಬಾಗಿಲು ತೆರೆಯುತ್ತಿತ್ತು. ಇಂಥ ಸಾಲುಗಳನ್ನು ಕಾರಣ ಹೇಳದೆ ಕಾಪಿ ಮಾಡಿಸುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಕಲಿಯುವ ವಯಸ್ಸಿನ ಮಕ್ಕಳು ಅದನ್ನೇ ಸರಿ ಅಂದುಕೊಳ್ಳುತ್ತಾರೆ, ಅಲ್ವಾ?

ದಾರಿ ಸಿಕ್ಕಿದ್ದು ಮದರ್‌ಬೋರ್ಡಿನ ಮ್ಯಾನ್ಯುಯಲ್‌ನಲ್ಲಿ. ನಾವು ಕಾರ್ಡ್ ಹಾಕಿದ್ದ ಸ್ಲಾಟ್ ಚಿಪ್‌ಸೆಟ್‌ಗೆ ಸೇರಿದ್ದು. ಮೇಲಿನ ಸ್ಲಾಟ್ ನೇರ ಪ್ರೊಸೆಸರ್‌ಗೆ. ಅಲ್ಲಿ ಮಾನಿಟರ್‌ಗೆಂದು ಹಾಕಿದ್ದ ಹಳೇ ಕಾರ್ಡ್ ಇತ್ತು. ಪ್ರೊಸೆಸರ್‌ನೊಳಗೇ ಗ್ರಾಫಿಕ್ಸ್ ಇರುವುದರಿಂದ ಅದು ಬೇಕಿರಲಿಲ್ಲ. ಸಂಜೆ ಎಲ್ಲರ ಕೆಲಸ ಮುಗಿದ ಮೇಲೆ ಮೆಷಿನ್ ಆಫ್ ಮಾಡಿ, ಹಳೆಯದನ್ನು ತೆಗೆದು ಜಿಪಿಯುವನ್ನು ಮೇಲೆ ಹಾಕಿದೆವು. ಬೂಟ್ ಆದ ಮೇಲೆ ನೋಡಿದರೆ ಅದರ ಗುಂಪಿನಲ್ಲಿ ಬೇರೆಯವರ ಸಾಧನ ಒಂದೂ ಇರಲಿಲ್ಲ. ಜಿಪಿಯು, ಅದರ ಆಡಿಯೋ, ಅಷ್ಟೇ.

ಆದರೂ ವಿಎಂ ಏಳಲಿಲ್ಲ. ಸ್ಲಾಟ್ ಬದಲಾಗಿ ಪಿಸಿಐ ವಿಳಾಸವೂ ಬದಲಾಗಿತ್ತು. ಬೆಳಗ್ಗೆ ಮಾಡಿದ್ದ ಮ್ಯಾಪಿಂಗ್ ಹೊಂದುತ್ತಿಲ್ಲ, ಹಾರ್ಡ್‌ವೇರ್ ಬದಲಾಗಿರಬಹುದು ಎಂದು ಪ್ರಾಕ್ಸ್‌ಮಾಕ್ಸ್ ನಿಲ್ಲಿಸಿತು. ಹುಡುಗರಿಗೆ ಸಾಕಾಗಿತ್ತು. ನನಗೆ ಖುಷಿಯೇ ಆಯಿತು. ಹಳೇ ವಿಳಾಸದಲ್ಲಿ ಈಗ ಬೇರೇನೋ ಇದ್ದು, ಕೇಳದೆ ಅದನ್ನೇ ವಿಎಂಗೆ ಕೊಟ್ಟುಬಿಟ್ಟಿದ್ದರೆ? ಮ್ಯಾಪಿಂಗ್ ತಿದ್ದಿದೆ. ವಿಎಂ ಎದ್ದಿತು. ಒಳಗೆ ಡ್ರೈವರ್ ಕಾರ್ಡನ್ನು ಗುರುತಿಸಿತು, ರಾತ್ರಿಯೇ ಟ್ರೇನಿಂಗ್ ಶುರು ಮಾಡಿದರು.

ಹೊರಡುವಾಗ ವಿಡಿಯೋ ತೋರಿಸಿದ ಹುಡುಗ ಕೇಳಿದ, "ಈಗ ಪೂರ್ತಿ ಸೇಫಾ ಮೇಡಂ?"

ಇಲ್ಲ ಎಂದೆ. ಕಾರ್ಡಿನಲ್ಲೂ ಫರ್ಮ್‌ವೇರ್, ಅಂದರೆ ಅದರೊಳಗೇ ಉಳಿಯುವ ಸಾಫ್ಟ್‌ವೇರ್, ಇದೆ. ವಿಎಂ ಒಳಗಿನ ಕೆಟ್ಟ ಕೋಡ್ ಅದನ್ನು ಬದಲಿಸಿದರೆ ವಿಎಂ ಅಳಿಸಿದ ಮೇಲೂ ಅದು ಕಾರ್ಡಿನಲ್ಲೇ ಉಳಿಯಬಹುದು. ಅದಕ್ಕೇ ಆ ಮ್ಯಾಪಿಂಗ್ ಬಳಸುವ ಅನುಮತಿ ಇರುವುದು ಪ್ರಾಜೆಕ್ಟ್ ತಂಡಗಳಿಗೆ ಮಾತ್ರ. ಅಂಕಗಳ ವಿಎಂಗೆ ಮುಂದೆ ಜಿಪಿಯು ಬೇಕಾದರೆ ಹೊಸ ಕಾರ್ಡ್ ತರಿಸಬೇಕು, ಇದನ್ನು ಕೊಡಬಾರದು ಎಂದು ಲ್ಯಾಬಿನ ರಿಜಿಸ್ಟರ್‌ನಲ್ಲಿ ಬರೆದಿಟ್ಟಿದ್ದೇನೆ.