ಅಮೆರಿಕದಲ್ಲಿ ರೈತರಿಗೆ ಸರ್ಕಾರದ ಚೆಕ್ ಬರೋದು ಹೇಗೆ ಅಂದ್ರೆ

ನಾವಿರೋದು ಅಮೆರಿಕದ ಅಯೋವಾ ರಾಜ್ಯದ ಕಸೂತ್ ಕೌಂಟಿಲಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದಂಗೆ), ವಿಸ್ತಾರದಲ್ಲಿ ಈ ರಾಜ್ಯಕ್ಕೇ ದೊಡ್ಡ ಕೌಂಟಿ, ಎತ್ತ ನೋಡಿದ್ರೂ ಗೋವಿನಜೋಳ ಇಲ್ಲಾ ಸೋಯಾಬೀನ್. ಹಾವೇರಿ ಕಡೆಯಿಂದ ನಮ್ ಕಾಕಾ ಫೋನ್ ಮಾಡಿದಾಗೆಲ್ಲ ಒಂದೇ ಪ್ರಶ್ನೆ: "ಅಲ್ಲಿ ಸರ್ಕಾರ ರೈತರಿಗೆ ಭಾಳ ರೊಕ್ಕ ಕೊಡ್ತದಂತಲ್ಲ, ಖರೇನಾ?"

ಖರೇನೇ, ಆದ್ರೆ ನಮ್ಮ ಖರೀದಿ ಕೇಂದ್ರದ ತರ ಅಲ್ಲ. ಮಾಲು ಎಲಿವೇಟರ್‌ಗೋ (ಧಾನ್ಯ ತುಂಬೋ ಆ ಎತ್ತರದ ಗೋದಾಮುಗಳು) ಎಥೆನಾಲ್ ಫ್ಯಾಕ್ಟರಿಗೋ ಇರೋ ರೇಟಿಗೆ ಹೋಗುತ್ತೆ. ಆಮೇಲೆ ಆ ವರ್ಷದ ಇಡೀ ದೇಶದ ಸರಾಸರಿ ರೇಟು ಕಾನೂನಲ್ಲಿ ಬರೆದ ರೇಟಿಗಿಂತ ಕೆಳಗಿದ್ರೆ ವ್ಯತ್ಯಾಸ ಕೊಡ್ತಾರೆ, ಪಿಎಲ್‌ಸಿ (ಪ್ರೈಸ್ ಲಾಸ್ ಕವರೇಜ್) ಅಂತ ಹೆಸರು, 2014ರ ಕೃಷಿ ಕಾನೂನು ಅಂದ್ರೆ ಫಾರ್ಮ್ ಬಿಲ್‌ನಲ್ಲಿ ಬಂದಿದ್ದು. ಗೋವಿನಜೋಳಕ್ಕೆ ಕಾನೂನಿನ ರೇಟು ಬುಶಲ್‌ಗೆ 3.70 ಡಾಲರ್ ಇತ್ತು, 2025ರಲ್ಲಿ 4.10 ಮಾಡಿದ್ರು. ಬುಶಲ್ ಅಂದ್ರೆ 25 ಕೆಜಿ ಚಿಲ್ಲರೆ, 2025ರ ಡಾಲರ್ ರೇಟಲ್ಲಿ ಲೆಕ್ಕ ಹಾಕಿದ್ರೆ ಕ್ವಿಂಟಲ್‌ಗೆ 1400 ರೂಪಾಯಿ ಆಸುಪಾಸು, ನಮ್ಮಲ್ಲಿ 2025-26ರ ಬೆಂಬಲ ಬೆಲೆ 2400! ಕಾಕಾ ನಂಬ್ಲೇ ಇಲ್ಲ. ಎಕರೆಗೆ 200 ಬುಶಲ್, ಅಂದ್ರೆ 50 ಕ್ವಿಂಟಲ್ ತೆಗೀತಾರೆ ಕಾಕಾ, ಅದಕ್ಕೇ ನಡೀತದೆ ಅಂದೆ.

ನನಗೆ ವಿಚಿತ್ರ ಅನ್ಸಿದ್ದು ಬೇಸ್ ಎಕರೆ. ಹಿಂದ್ಯಾವಾಗ್ಲೋ ಆ ಜಮೀನಲ್ಲಿ ಏನು ಬಿತ್ತಿದ್ರು ಅನ್ನೋದು ದಾಖಲೇಲಿ ಕೂತಿರುತ್ತೆ, ದುಡ್ಡು ಬರೋದು ಅದರ ಮೇಲೆ, ಈ ವರ್ಷ ಸೋಯಾ ಬಿತ್ತಿದ್ರೂ ಗೋವಿನಜೋಳದ ದುಡ್ಡೇ ಬರುತ್ತೆ! ಅದೂ ನೂರಕ್ಕೆ 85 ಎಕರೆಗೆ ಮಾತ್ರ. 2019ರ ಬೆಳೆಗೆ ಸರಾಸರಿ 3.56 ಡಾಲರ್ ಬಂತು, ಆಗಿನ 3.70ಕ್ಕೆ ವ್ಯತ್ಯಾಸ 14 ಸೆಂಟು, ದಾಖಲೇಲಿ ಇಳುವರಿ 150 ಬುಶಲ್ ಇರೋ 100 ಬೇಸ್ ಎಕರೆಗೆ 1785 ಡಾಲರ್ ಆಗುತ್ತೆ, ಅದೂ ಕೊಯ್ಲಾಗಿ ಹೆಚ್ಚುಕಮ್ಮಿ ಒಂದು ವರ್ಷಕ್ಕೆ, ಮುಂದಿನ ವರ್ಷದ ಅಕ್ಟೋಬರ್ ಮೇಲೆ. ನೂರು ಎಕರೆಯವನಿಗೆ ಇದು ಬೀಜದ ಖರ್ಚಿಗೂ ಸಾಲಲ್ಲ, ಸಾವಿರಾರು ಎಕರೆ ಮಾಡೋನಿಗೆ ಮಜಾ. ಒಬ್ಬರಿಗೆ ವರ್ಷಕ್ಕೆ 1,25,000 ಡಾಲರ್ ಅಂತ ಮಿತಿ ಇತ್ತು, 2025ರಲ್ಲಿ 1,55,000 ಮಾಡಿದ್ರು, ಆದ್ರೆ ಹೆಂಡತಿದು ಬೇರೆ ಲೆಕ್ಕ, 2018ರ ಬಿಲ್‌ನಲ್ಲಂತೂ ಅಣ್ಣನ ಮಗ, ಚಿಕ್ಕಪ್ಪನ ಮಗನ್ನೂ ಕುಟುಂಬಕ್ಕೆ ಸೇರಿಸ್ಕೊಂಡು ಅವ್ರ ಹೆಸರಲ್ಲೂ ಬೇರೆ ಮಿತಿ ಪಡೆಯೋಕೆ ದಾರಿ ಮಾಡಿದ್ರು. ನಮ್ಮೋರೇನು ಕಮ್ಮಿ ಅಂದ್ಕೊಂಡಿದ್ದೆ, ಇವ್ರು ಕಾನೂನೇ ಬರ್ಸ್ಕೊಂಡಿದ್ದಾರೆ.

ಲಾವಣಿ ಜಮೀನೇ (ಗುತ್ತಿಗೆಗೆ ಹಿಡಿದದ್ದು) ಜಾಸ್ತಿ ಇಲ್ಲಿ. ನಗದು ಲಾವಣಿ ಆದ್ರೆ ಚೆಕ್ ಬರೋದು ಉಳೋನ ಹೆಸರಿಗೇ, ಮಾಲೀಕನಿಗಲ್ಲ, ಇದು ನನಗೆ ಹಿಡಿಸ್ತು. ಆದ್ರೆ ಮಾಲೀಕ ಎಲ್ಲಿದ್ರೂ ಅವನಿಗೂ ಲೆಕ್ಕ ಹಾಕೋಕೆ ಬರುತ್ತೆ, ಸರ್ಕಾರ ಎಷ್ಟು ಕೊಡ್ತು ಅಂತ ಗೊತ್ತಾದ್ಮೇಲೆ ಲಾವಣಿ ಮಾತಾಡುವಾಗ ಅದನ್ನೂ ಸೇರಿಸಿಯೇ ಕೇಳ್ತಾನೆ.

2025ರ ನವೆಂಬರ್‌ನಲ್ಲಿ ನಮ್ಮ ಕಡೆ ರೇಟು ಬೆಂಬಲ ಬೆಲೆಗಿಂತ ತೀರಾ ಕೆಳಗೆ ಬಿದ್ದು ರೈತರು ರಸ್ತೆಗಿಳಿದಾಗ ಕಾಕಾ, "ನಮಗೂ ಹಂಗೇ ವ್ಯತ್ಯಾಸದ ರೊಕ್ಕ ಅಕೌಂಟಿಗೆ ಹಾಕಿಬಿಡ್ಲಿ ನೋಡು" ಅಂದ್ರು. ಮಧ್ಯಪ್ರದೇಶದಲ್ಲಿ 2017ರಲ್ಲೇ ಇದನ್ನ ಭಾವಾಂತರ ಅಂತ ಮಾಡಿ ನೋಡಿದಾರೆ ಅಂತ ಹೇಳಿ, ಯಾರ ಅಕೌಂಟಿಗೆ ಕಾಕಾ ಅಂತ ಕೇಳ್ದೆ. ಅವ್ರು ಮಾಡೋ ಹೊಲದಲ್ಲಿ ಮುಕ್ಕಾಲು ಭಾಗ ಬಾಯಿಮಾತಿನ ಲಾವಣಿ, ಪಹಣೀಲಿ ಇರೋದು ಹುಬ್ಬಳ್ಳಿಲಿ ಮನೆ ಕಟ್ಕೊಂಡಿರೋ ಮಾಲೀಕರ ಹೆಸರು. "ಅದೂ ಖರೇನೇ" ಅಂದು, ಇಲ್ಲಿ ಲಾವಣಿ ಕಾಗದ ಹೆಂಗ ಬರೀತಾರ ಅಂತ ಕೇಳೋಕೆ ಶುರು ಮಾಡಿದ್ರು.