ಟವೆಲ್ ಮಿಲ್ಲಿನ ಅಜ್ಜಿ, ಶಿಡ್ಲಘಟ್ಟದ ನಮ್ಮತ್ತೆ

ನಾನಿರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ಶಾರ್ಲೆಟ್ ಹತ್ತಿರದ ಕಾಂಕರ್ಡ್‌ನಲ್ಲಿ. ಪಕ್ಕದ ಊರಿನ ಹೆಸರು ಕನ್ನಾಪೊಲಿಸ್. ಮೊದಲ ಸಲ ಬೋರ್ಡ್ ನೋಡಿ ಖುಷಿಪಟ್ಟಿದ್ದೆ, ಕನ್ನಡಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ ಬಿಡಿ. ಟವೆಲ್, ಬೆಡ್‌ಶೀಟ್ ಮಾಡುವ ಮಿಲ್ಲಿನಿಂದಲೇ ಬೆಳೆದ ಊರದು. 2003ರ ಜುಲೈ 30ಕ್ಕೆ ಆ ಮಿಲ್ ನಡೆಸುತ್ತಿದ್ದ ಪಿಲ್ಲೊಟೆಕ್ಸ್ ಕಂಪನಿ ಬಾಗಿಲು ಹಾಕಿತು. ಈ ರಾಜ್ಯದಲ್ಲೇ 4 ಸಾವಿರಕ್ಕೂ ಜಾಸ್ತಿ ಜನ ಒಂದೇ ಏಟಿಗೆ ಕೆಲಸ ಕಳೆದುಕೊಂಡರು.

ಅವರಲ್ಲಿ ಒಬ್ಬರು ನಮ್ಮ ಪಕ್ಕದ ಮನೆ ಅಜ್ಜಿ. ಟವೆಲ್ ಅಂಚು ಹೊಲಿಯುತ್ತಿದ್ದರು. ಈಗಲೂ ಯಾರ ಮನೆಗೆ ಹೋದರೂ ಟವೆಲ್ ಕೈಗೆ ಸಿಕ್ಕಿದರೆ ಅಂಚು ಮಗುಚಿ, ಹೊಲಿಗೆ ಮೇಲೆ ಉಗುರು ಎಳೆದು, ಆಮೇಲೆ ಚೀಟಿ ಓದುತ್ತಾರೆ. ನಮ್ಮ ಮನೆಯದು ಮೇಡ್ ಇನ್ ಇಂಡಿಯಾ. ನಾನು ಪೆಚ್ಚಾಗಿ ನಿಂತೆ. "ಹೊಲಿಗೆ ಚೆನ್ನಾಗಿದೆ" ಅಂದರು, ಅಷ್ಟೆ.

ಅವತ್ತು ಅವರು ತಮ್ಮ ಅಡುಗೆಮನೆ ಡ್ರಾಯರ್‌ನಿಂದ ಪ್ಲಾಸ್ಟಿಕ್ ಕವರ್ ತೆಗೆದು ತೋರಿಸಿದರು. ಸರ್ಕಾರದ ಒಂದು ಪತ್ರ, ಜೊತೆಗೆ ಲೆಕ್ಕದ ನೋಟ್‌ಬುಕ್. ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್ ಅಂತ ಒಂದು ಯೋಜನೆ, ಬಾಯಲ್ಲಿ ಟಿಎಎ. 1962ರಲ್ಲಿ ಕೆನಡಿ ಕಾಲದಲ್ಲಿ ಶುರುವಾಗಿ, 1974ರಲ್ಲಿ ನಿಯಮ ಸಡಿಲವಾದದ್ದು. ಅದರ ಹಿಂದಿನ ಮಾತು ಸರಳ: ಆಮದು ಸುಂಕ ಇಳಿಸಿ ಬಾಗಿಲು ತೆಗೆದದ್ದು ಸರ್ಕಾರ, ದೇಶಕ್ಕೆಲ್ಲ ಸಾಮಾನು ಅಗ್ಗವಾಯಿತು, ಆದರೆ ಪೆಟ್ಟು ತಿಂದದ್ದು ಕೆಲವರು ಮಾತ್ರ, ಅವರನ್ನು ಸುಮ್ನೆ ಬಿಡುವ ಹಾಗಿಲ್ಲ. ಕೆಲಸ ಕಳೆದುಕೊಂಡ ಮೂವರು ಸೇರಿ ಅರ್ಜಿಗೆ ಸಹಿ ಹಾಕಿದರೂ ಸಾಕಿತ್ತು, ಕಾರ್ಮಿಕ ಇಲಾಖೆ ತನಿಖೆ ಮಾಡಬೇಕಿತ್ತು. ಆಮದಿನಿಂದಲೇ ಹೋಗಿದ್ದು ಅಂತ ಗೊತ್ತಾದರೆ ಆ ಘಟಕದವರಿಗೆಲ್ಲ ಅನ್ವಯವಾಗುತ್ತಿತ್ತು.

ಸಿಗುತ್ತಿದ್ದದ್ದು ಏನು ಅಂದರೆ, ಹೊಸ ಕೆಲಸ ಕಲಿಯುವ ಫೀಸು, ಓದುವಷ್ಟು ಕಾಲ ಮನೆ ನಡೆಸಲು ವಾರವಾರ ಭತ್ಯೆ. ನಿರುದ್ಯೋಗ ಭತ್ಯೆಯೂ ಸೇರಿ ಸುಮಾರು 2 ವರ್ಷ. ಹೈಸ್ಕೂಲೇ ಮುಗಿಸದವರಿಗೆ ಅದಕ್ಕೂ ಮೇಲೆ 26 ವಾರ. ಈ ಅಜ್ಜಿ ಹತ್ತನೇ ಕ್ಲಾಸಿಗೇ ಬಿಟ್ಟು ಮಿಲ್ ಸೇರಿದವರು, 46ನೇ ವಯಸ್ಸಲ್ಲಿ ಬೀಜಗಣಿತಕ್ಕೆ ಕೂತರು. ನೋಟ್‌ಬುಕ್‌ನಲ್ಲಿ ಎಷ್ಟು ಕಡೆ ಅಳಿಸಿದ್ದಾರೆ ಅಂದರೆ ಹಾಳೆ ತೂತಾಗಿದೆ! ಆಮೇಲೆ ಆಸ್ಪತ್ರೆ ಬಿಲ್ಲಿಂಗ್ ಕಲಿತರು.

ಎಲ್ಲ ಚಂದ ಅಂತಲ್ಲ. ಕೋರ್ಸಿಗೆ ಸೇರಲು ಗಡುವು ಇತ್ತು, ಕೆಲಸ ಹೋಗಿ 16 ವಾರ, ಇಲ್ಲಾ ಮಂಜೂರಾಗಿ 8 ವಾರ, ಯಾವುದು ತಡವೋ ಅದು. ತಪ್ಪಿದರೆ ಭತ್ಯೆ ಕಷ್ಟ. ಆರೋಗ್ಯ ವಿಮೆಯಲ್ಲಿ ಆಗ 65 ಭಾಗ ಸರ್ಕಾರದ್ದು, ಉಳಿದ 35 ಭಾಗ ಕಟ್ಟುವುದೇ ಎಷ್ಟೋ ಜನರಿಗೆ ಆಗಲಿಲ್ಲ. ಮಿಲ್ಲಿನಲ್ಲಿ ಬರುತ್ತಿದ್ದಷ್ಟು ಸಂಬಳ ಮತ್ತೆ ಕಾಣಲು ಅಜ್ಜಿಗೆ ಏಳು ವರ್ಷ ಹಿಡಿಯಿತು.

ಆ ಪತ್ರ ಹಿಡಿದಾಗ ನನಗೆ ನೆನಪಾದದ್ದು ಶಿಡ್ಲಘಟ್ಟದ ನಮ್ಮತ್ತೆ. ರೀಲಿಂಗ್ ಯೂನಿಟ್‌ನಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚುತ್ತಿದ್ದರು. ಶಿಡ್ಲಘಟ್ಟದವರಿಗೆ ಗೊತ್ತು, ಬಸ್ ಊರು ಮುಟ್ಟುವ ಮೊದಲೇ ಬೇಯಿಸಿದ ಗೂಡಿನ ವಾಸನೆ ಮೂಗಿಗೆ ಹೊಡೆಯುತ್ತೆ. ಬಿಸಿನೀರಲ್ಲಿ ಎಳೆ ಹುಡುಕಿ ಹುಡುಕಿ ಅತ್ತೆಯ ಬೆರಳ ತುದಿ ಬೆಳ್ಳಗೆ ಬಿರಿದಿರುತ್ತಿತ್ತು, ಊಟಕ್ಕೆ ಕೂತರೆ ಸಾರಿನ ಖಾರಕ್ಕೆ ಕೈ ಒದರುತ್ತಿದ್ದರು. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ 5ಕ್ಕೆ ಇಳಿಯಿತು. ಚೀನಾ ರೇಷ್ಮೆ ಬಂತು. ನಿನ್ನೆ ಒಂದು ರೇಟಿಗೆ ಗೂಡು ಕೊಂಡ ರೀಲರ್ ಇವತ್ತು ನೂಲು ಮಾರಲು ಹೋದರೆ ಅಸಲೂ ಹುಟ್ಟದು. ಗೂಡು ಬೆಳೆದ ರೈತರು ಬೀದಿಗಿಳಿದರು, 2013ರಲ್ಲಿ ಸುಂಕ ಶೇ 15 ಆಯಿತು. ಅಷ್ಟರಲ್ಲಿ ಅತ್ತೆ ಇದ್ದ ಯೂನಿಟ್ ಮುಚ್ಚಿ ವರ್ಷ ದಾಟಿತ್ತು. ಮಾಲೀಕರು ಕೆಟ್ಟವರಲ್ಲ, ಕೊನೆಯ ವಾರದ ಕೂಲಿ ಕೊಟ್ಟು ತಾವೇ ಅತ್ತರಂತೆ. ಅತ್ತೆ ಗುಲಾಬಿ ತೋಟದ ಕೂಲಿಗೆ ಹೋದರು.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಕೆಲಸದಿಂದ ತೆಗೆದರೆ ದುಡಿದ ಒಂದೊಂದು ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದ ಪರಿಹಾರ ಕಾನೂನಲ್ಲಿ ಇದೆ. ಇಎಸ್‌ಐ ಅನ್ನುವ ಕಾರ್ಮಿಕರ ವಿಮೆ ಇದ್ದವರಿಗೆ 2018ರಿಂದ, ಕೆಲಸ ಹೋದರೆ ಭತ್ಯೆ ಕೊಡುವ ಅಟಲ್ ಬೀಮಿತ್ ಯೋಜನೆ ಬಂತು, 2020ರಲ್ಲಿ ಅದನ್ನು 90 ದಿನ ಅರ್ಧ ಸಂಬಳಕ್ಕೆ ಏರಿಸಿದರು. ಆದರೆ ಅದಕ್ಕೆಲ್ಲ ಕೆಲಸ ಮಾಡಿದ್ದಕ್ಕೆ ಕಾಗದ ಬೇಕಲ್ವಾ? ಅತ್ತೆಯ ಹತ್ತೊಂಬತ್ತು ವರ್ಷಕ್ಕೆ ಇದ್ದ ದಾಖಲೆ ಆ ಬೆರಳುಗಳೇ. ನನಗೆ ಹೊಟ್ಟೆ ಉರಿದದ್ದು ದುಡ್ಡಿಗಲ್ಲ, ಆ ಪತ್ರಕ್ಕೆ. ನಿನ್ನ ಕೆಲಸ ಹೋಗಿದ್ದು ಆಮದಿನಿಂದ ಅಂತ ಒಂದು ಸರ್ಕಾರ ಬರೆದುಕೊಟ್ಟಿದೆ.

ಈಗ ಇಲ್ಲೂ ಆ ಪತ್ರ ಹೊಸಬರಿಗೆ ಸಿಗುವುದಿಲ್ಲ. ಸಂಸತ್ತು ಅವಧಿ ಮುಂದುವರಿಸದೆ, 2022ರ ಜುಲೈ 1ರಿಂದ ಹೊಸ ಅರ್ಜಿ ಮಂಜೂರು ಮಾಡುವುದು ನಿಂತಿತು.

ಹೋದ ಭಾನುವಾರ ವಿಡಿಯೋ ಕಾಲ್‌ನಲ್ಲಿ ಅತ್ತೆಗೆ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಮೂರೇ ಜನರ ಸಹಿ ಸಾಕಾ? ನಮ್ಮ ಸಾಲಲ್ಲೇ ಆರು ಜನ ಇದ್ದೆವಲ್ಲಪ್ಪ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹೆಬ್ಬೆಟ್ಟು ಒತ್ತಿದರೆ ತಗೋತಾರಾ?"